ಗುಡ್ಡವ್ವನ ಮುಖ ಅಂಟಿಸಿದ ಸಾಬೂನು

ಹುಬ್ಬಳ್ಳಿ ನವನಗರದ ಗುಡ್ಡವ್ವನ ಮನೆಯಲ್ಲಿ ಅಕ್ಕಿ ತೀರಿದರೆ ರೊಟ್ಟಿಯಲ್ಲಿ ದಿನ ನೂಕುತ್ತಾರೆ, ಸಕ್ಕರೆ ತೀರಿದರೆ ಚಹಾಕ್ಕೆ ಬೆಲ್ಲ ಹಾಕುತ್ತಾರೆ. ಸ್ನಾನದ ಸಾಬೂನಿಗೆ ಮಾತ್ರ ಬದಲಿ ಇಲ್ಲ. ಅದೂ ಸಿಕ್ಕ ಸಿಕ್ಕ ಸಾಬೂನಲ್ಲ, ಮೈಸೂರು ಸ್ಯಾಂಡಲ್ಲೇ ಆಗಬೇಕು. ಬಚ್ಚಲಿನಲ್ಲಿ ಇದ್ದದ್ದು ತೆಳ್ಳಗಾಗುವ ಮೊದಲೇ ಕಪಾಟಿನಲ್ಲಿ ಇನ್ನೊಂದು ಬಂದು ಕೂತಿರಬೇಕು.

ಗಂಡ ಹನುಮಪ್ಪ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಖಲಾಸಿಯಾಗಿದ್ದಾಗಿನಿಂದ ನಡೆದುಬಂದ ಕಟ್ಟಳೆ ಇದು. ಆಗ ಗುಡ್ಡವ್ವ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿ ದುಡಿಯುತ್ತಿದ್ದಳು. ಹನುಮಪ್ಪನ ಅಂಗಿಯ ಕಾಲರು ಹರಿದರೆ ತಿರುಗಿಸಿ ಹೊಲಿಯುತ್ತಿದ್ದಳು, ತಾನು ಎರಡು ಸೀರೆಯಲ್ಲಿ ವರ್ಷ ಕಳೆಯುತ್ತಿದ್ದಳು. ಆದರೆ ಮಗ ಶಶಿಕುಮಾರ ಶಾಲೆಗೆ ಹೊರಟನೆಂದರೆ ಇಸ್ತ್ರಿ ಹಾಕಿದ ಅಂಗಿ, ಪಾಲಿಶ್ ಮಾಡಿದ ಬೂಟು, ತಲೆಗೆ ಎಣ್ಣೆ, ಮೈಗೆ ಗಂಧದ ವಾಸನೆ. ಅಕ್ಕಪಕ್ಕದವರು ನಕ್ಕರು. ಹೊಟ್ಟೆಗಿಂತ ಇವರಿಗೆ ಷೋಕಿ ಹೆಚ್ಚು ಎಂದರು. ಗುಡ್ಡವ್ವ ಯಾರಿಗೂ ಕಾರಣ ಹೇಳಲಿಲ್ಲ. ಮಗನಿಗೂ ಹೇಳಲಿಲ್ಲ.

ಶಶಿಕುಮಾರ ಓದಿದ. ಧಾರವಾಡದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರದ ಅಧ್ಯಾಪಕನಾದ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಕರುಣಾಳನ್ನು ಮದುವೆಯಾದ. ಹನುಮಪ್ಪ ತೀರಿಕೊಂಡ ಮೇಲೆ ಗುಡ್ಡವ್ವ ಅವರೊಂದಿಗೇ ನವನಗರದ ಮನೆಯಲ್ಲಿದ್ದಾಳೆ. ಸೊಸೆಗೂ ಅವಳಿಗೂ ಹೊಂದಿಕೆ ಇದೆ. ಮೊಮ್ಮಗಳು ಮಯೂರಿ ಕಾಲೇಜಿಗೆ ಹೋಗುತ್ತಾಳೆ.

ಎಲ್ಲ ನೆಟ್ಟಗೇ ಇತ್ತು, ಶಶಿಕುಮಾರನಿಗೆ ಸರಳ ಬದುಕಿನ ಹುಚ್ಚು ಹಿಡಿಯುವವರೆಗೆ.

ಹಾಗೆ ಬದುಕುವವರ ಒಂದು ಬಳಗವಿತ್ತು. ಅವರೆಲ್ಲ ಸೇರಿ ಯಾವುದು ಅಗತ್ಯ, ಯಾವುದು ಐಷಾರಾಮ ಎಂದು ಚರ್ಚೆ ಮಾಡುತ್ತಿದ್ದರು. ಬ್ರ್ಯಾಂಡ್ ಎಂಬುದು ಕಂಪನಿಗಳು ಹೂಡಿದ ಆಟ, ನಮ್ಮ ಹಿರಿಯರು ಏನೂ ಇಲ್ಲದೆ ಎಷ್ಟು ಚೆನ್ನಾಗಿ ಬದುಕಿದ್ದರು ಎಂದು ಶಶಿಕುಮಾರ ಊಟಕ್ಕೆ ಕೂತಾಗಲೂ ಹೇಳತೊಡಗಿದ. ಅವನ ಲೆಕ್ಕದಲ್ಲಿ ಮೊದಲು ಐಷಾರಾಮವಾಗಿದ್ದು ಮಿಕ್ಸರ್. ಅದನ್ನು ಯಾರಿಗೋ ಕೊಟ್ಟು ಒರಳುಕಲ್ಲು ತಂದ. ರುಬ್ಬುವವಳು ಕರುಣಾ. ಆಮೇಲೆ ಪಾತ್ರೆ ತೊಳೆಯುವ ಸಾಬೂನು ಹೋಗಿ ಬೂದಿ ಬಂತು. ತಿಕ್ಕುವವಳೂ ಕರುಣಾ. ಅವನ ಮೋಟರ್ ಸೈಕಲ್ಲು ಮತ್ತು ಫೋನು ಮಾತ್ರ ಅಗತ್ಯದ ಸಾಲಿನಲ್ಲೇ ಉಳಿದವು. ಕರುಣಾ ಒಮ್ಮೆ ಇದನ್ನು ಬಾಯಿಬಿಟ್ಟು ಹೇಳಿದಳು. ಅವನು ನಕ್ಕು, ನಿನಗೆ ಇದರ ಹಿಂದಿನ ವಿಚಾರ ತಿಳಿದಿಲ್ಲ ಎಂದ. ಅಂದಿನಿಂದ ಆಕೆ ಹಲ್ಲು ಕಚ್ಚಿಕೊಂಡು ರುಬ್ಬಿದಳು.

ಕೊನೆಗೆ ಬಚ್ಚಲಿಗೂ ಕೈ ಹಾಕಿದ. ಬಳಗದ ನೀಲಾ ಎಂಬಾಕೆ ಮನೆಯಲ್ಲೇ ಸಾಬೂನು ಮಾಡಿ ಕೇಶ್ವಾಪುರದ ತನ್ನ ಪುಟ್ಟ ಅಂಗಡಿಯಲ್ಲಿ ಮಾರುತ್ತಿದ್ದಳು. ಬೂದಿ, ಎರೆಮಣ್ಣು, ಸೀಗೆಕಾಯಿ ಕಲಸಿ ಮಾಡಿದ ಬೂದು ಬಣ್ಣದ ಅಚ್ಚುಗಳು. ಬೆಲೆ ಮೈಸೂರು ಸ್ಯಾಂಡಲ್ಲಿಗಿಂತ ಬಹಳ ಮೇಲೆ. ಅದರಲ್ಲೊಂದನ್ನು ಶಶಿಕುಮಾರ ತಂದು ಬಚ್ಚಲಿನಲ್ಲಿಟ್ಟ. ಗುಡ್ಡವ್ವ ಅದನ್ನು ಎತ್ತಿ ಮೂಸಿದಳು, ಹಿತ್ತಲಿಗೆ ಒಯ್ದು ಗಿಡದ ಬುಡಕ್ಕೆ ಎಸೆದು ಬಂದಳು. ಮಗ ಕೇಳಿದ್ದಕ್ಕೆ, ಬೂದಿಯ ಜಾಗ ಅದೇ ಎಂದಷ್ಟೇ ಹೇಳಿದಳು.

ಅದಾಗಿ ಕೆಲವು ವಾರಗಳಿಗೆ ಬಳಗದವರು ಇವರ ಮನೆಯಲ್ಲಿ ಸೇರಿದರು. ನೀಲಾ ಬಂದಿದ್ದಳು, ಇನ್ನೂ ಹತ್ತಾರು ಜನ ಬಂದಿದ್ದರು. ನವಣೆ ಅನ್ನ ಉಂಡ ಮೇಲೆ ಶಶಿಕುಮಾರ ಅವ್ವನನ್ನು ನಡುಮನೆಗೆ ಕರೆದು, ಹಳೆಯ ಕಾಲದ ಜೀವನದ ಬಗ್ಗೆ ನಾಲ್ಕು ಮಾತು ಹೇಳು ಎಂದ. ಗುಡ್ಡವ್ವನಿಗೆ ಮನಸ್ಸಿರಲಿಲ್ಲ. ಆದರೆ ಮನೆಗೆ ಬಂದವರು ಕೇಳುತ್ತಿದ್ದಾರೆ, ಮಗನ ಮಾನದ ಪ್ರಶ್ನೆ ಎಂದು ಕೂತಳು. ಶಿರಗುಪ್ಪಿಯಿಂದ ಆಚೆಗಿನ ಒಂದು ಸಣ್ಣ ಊರು ತನ್ನ ತವರು, ಅಲ್ಲಿ ಬೂದಿಯಿಂದ ಹಲ್ಲುಜ್ಜುತ್ತಿದ್ದೆವು, ಹಳ್ಳದ ಮಣ್ಣಿನಿಂದ ತಲೆ ತೊಳೆದುಕೊಳ್ಳುತ್ತಿದ್ದೆವು, ಮೈಗೂ ಬೂದಿಯೇ ಎಂದಳು. ಯಾಕೆಂದರೆ ಎಂದು ಮುಂದಿನ ಮಾತಿಗೆ ಬಾಯಿ ತೆರೆಯುವಷ್ಟರಲ್ಲಿ ಚಪ್ಪಾಳೆ ಬಿತ್ತು. ಯಾರೋ, ಅಜ್ಜಿಯ ಚರ್ಮ ನೋಡಿ, ಈ ವಯಸ್ಸಿನಲ್ಲೂ ಹೇಗಿದೆ ಎಂದರು. ಅದು ಐವತ್ತು ವರ್ಷ ಗಂಧದ ಸಾಬೂನು ಕಂಡ ಚರ್ಮ. ಅದನ್ನು ಯಾರೂ ಕೇಳಲಿಲ್ಲ. ನೀಲಾ ಫೋನೆತ್ತಿ ಫೋಟೊ ತೆಗೆದಳು. ಗುಡ್ಡವ್ವ ಎದ್ದು ಒಳಗೆ ಹೋದಳು. ಮಾತು ಅರ್ಧಕ್ಕೇ ನಿಂತಿತು.

ದೀಪಾವಳಿಗೆ ಮೊದಲು ಅತ್ತೆ ಸೊಸೆ ಇಬ್ಬರೂ ಕೇಶ್ವಾಪುರಕ್ಕೆ ಸಂತೆಗೆಂದು ಹೋದರು. ಹಬ್ಬದ ಎಣ್ಣೆಸ್ನಾನಕ್ಕೆ ಸಾಬೂನಿನ ಡಬ್ಬಿ ಕೊಳ್ಳುವುದು ಗುಡ್ಡವ್ವನ ಕೆಲಸ. ದೊಡ್ಡ ಅಂಗಡಿಯೊಂದರಲ್ಲಿ ಸಾಬೂನಿನ ಸಾಲಿನ ಮುಂದೆ ನಿಂತವಳು ಅಲ್ಲೇ ತಡೆದು ನಿಂತಳು. ಎದುರಿನ ಹಲಗೆಯ ಮೇಲೆ ಸಾಲಾಗಿ ಅವಳದೇ ಮುಖ.

ಫೋಟೊ ಅಲ್ಲ, ಫೋಟೊ ನೋಡಿ ಬರೆದ ಚಿತ್ರ. ಮೂಗು ಅವಳದು, ಕಣ್ಣು ಅವಳದು, ಗಲ್ಲದ ಮೇಲಿನ ಮಚ್ಚೆಯೂ ಅವಳದು. ಅವಳ ತಲೆಯ ಮೇಲೆ ಸೆರಗು ಹೊದಿಸಿದ್ದರು. ಬಾಯಲ್ಲಿ ಒಂದೆರಡು ಹಲ್ಲು ಬಿಟ್ಟು ಉಳಿದವನ್ನು ಕಿತ್ತು ಹಾಕಿ ನಗಿಸಿದ್ದರು. ಹಿಂದೆ ಗುಡಿಸಲು, ಒಲೆ. ಗುಡ್ಡವ್ವನ ಹಲ್ಲು ಇನ್ನೂ ಗಟ್ಟಿಯಾಗಿವೆ. ಅಂದು ನೀಲಾ ತೆಗೆದ ಫೋಟೊದಲ್ಲಿ ಅವಳು ನಕ್ಕೂ ಇರಲಿಲ್ಲ.

ಏನು ಬರೆದಿದ್ದಾರೆ ಎಂದು ಸೊಸೆಯನ್ನು ಕೇಳಿದಳು. ಕರುಣಾಳಿಗೆ ಓದಲು ನಾಲಗೆ ಹೊರಳಲಿಲ್ಲ. ಗುಡ್ಡವ್ವ ಕನ್ನಡಕ ಸರಿಮಾಡಿಕೊಂಡು ತಾನೇ ಒಂದೊಂದಕ್ಷರ ಕೂಡಿಸಿದಳು. 'ಗುಡ್ಡಜ್ಜಿ ಬೂದಿ ಸಾಬೂನು. ನಮ್ಮ ಅಜ್ಜಿಯ ಗುಟ್ಟು. ಹಳ್ಳಿಯಷ್ಟೇ ಶುದ್ಧ.'

"ಶುದ್ಧ," ಎಂದಳು ಗುಡ್ಡವ್ವ. ಮತ್ತೆ ಅದೇ ಅಕ್ಷರದ ಮೇಲೆ ಬೆರಳಿಟ್ಟಳು. "ನನ್ನ ಮಾರಿ ಬಾಜೂಕ ಶುದ್ಧ ಅಂತ ಬರದಾರಲ್ಲ, ಕರುಣಾ."

ಆ ಅಂಗಡಿಯವನದೇನೂ ತಪ್ಪಿರಲಿಲ್ಲ. ಮಾಲು ನೀಲಾ ಅವರ ಅಂಗಡಿಯಿಂದ ಬಂದದ್ದು, ಎರಡು ಓಣಿ ದಾಟಿದರೆ ಅಲ್ಲೇ ಇದೆ ಎಂದ. ಅತ್ತೆ ಹೆಜ್ಜೆ ಹಾಕಿದ ರಭಸಕ್ಕೆ ಕರುಣಾ ಚೀಲಗಳನ್ನು ಹಿಡಿದುಕೊಂಡು ಹಿಂದೆ ಓಡಬೇಕಾಯಿತು.

ನೀಲಾಳ ಅಂಗಡಿ ಚೊಕ್ಕವಾಗಿತ್ತು. ಮಣ್ಣಿನ ಮಡಕೆ, ಬಿದಿರಿನ ಬುಟ್ಟಿ, ಗೋಡೆಯ ತುಂಬ ಗುಡ್ಡವ್ವ. ಗಿರಾಕಿಗಳು ಇಬ್ಬರಿದ್ದರು. ನೀಲಾಳಿಗೆ ಇವರನ್ನು ಕಂಡು ಮೊದಲು ಸಂತೋಷವೇ ಆಯಿತು. ಇವರೇ ನೋಡಿ ನಮ್ಮ ಅಜ್ಜಿ ಎಂದು ಗಿರಾಕಿಗಳಿಗೆ ತೋರಿಸಿದಳು. ಗುಡ್ಡವ್ವ ಕುರ್ಚಿ ಎಳೆದುಕೊಂಡು ಕೂತಳು. ಹತ್ತಿರದ ಬುಟ್ಟಿಯಿಂದ ಒಂದು ಸಾಬೂನು ತೆಗೆದು ಅದರ ಕಾಗದ ಸುಲಿದು ನೆಲಕ್ಕೆ ಹಾಕಿದಳು. ಇನ್ನೊಂದು ತೆಗೆದಳು. ಅದನ್ನೂ ಸುಲಿದಳು. ನೀಲಾ ಓಡಿಬಂದು ಕೈ ಹಿಡಿಯಹೋದಾಗ, ಮುಟ್ಟಬೇಡ ಎಂದಳು. ಅದನ್ನು ಹೇಳಿದ ರೀತಿಗೆ ಗಿರಾಕಿಗಳು ಸದ್ದಿಲ್ಲದೆ ಹೊರಗೆ ಹೋದರು.

"ನಿಮಗ ಗೌರವ ಕೊಡಬೇಕಂತನ ಹಿಂಗ ಮಾಡೇವ್ರಿ, ಅಜ್ಜಿ," ಎಂದಳು ನೀಲಾ. ಅವಳ ಕಣ್ಣಲ್ಲಿ ನೀರಾಡಿತ್ತು. "ಶಶಿಕುಮಾರ ಸರ್ ಹೂಂ ಅಂದಿದ್ರು. ಹೆಸರೂ ಅವರ ಹೇಳಿದ್ದು."

ಗುಡ್ಡವ್ವನ ಕೈ ನಿಂತಿತು. ಕರುಣಾ ಆಗಲೇ ಗಂಡನಿಗೆ ಫೋನು ಮಾಡಿದ್ದಳು. ಅವನು ಧಾರವಾಡದಿಂದ ಬರುವವರೆಗೂ ಮೂವರೂ ಅಲ್ಲೇ ಇದ್ದರು. ಗುಡ್ಡವ್ವ ಮತ್ತೆ ಕಾಗದ ಸುಲಿಯತೊಡಗಿದ್ದಳು. ಕರುಣಾಳೂ ಒಂದು ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಿದ್ದಳು.

ಶಶಿಕುಮಾರ ಬಂದ. ನೆಲದ ಮೇಲೆ ಬಿದ್ದ ಅವ್ವನ ಮುಖಗಳನ್ನು ತುಳಿಯದಂತೆ ಬಾಗಿಲಲ್ಲೇ ನಿಂತ.

"ನೀ ಹೂಂ ಅಂದಿಯಂತ," ಎಂದಳು ಗುಡ್ಡವ್ವ.

"ಛಲೋ ಕೆಲಸಕ್ಕ ಅಂತ ಅಂದೆ, ಅವ್ವಾ. ಕಂಪನಿಗೋಳ ವಿರುದ್ಧ..."

"ನನ್ನ ಮಾರಿ ಮ್ಯಾಲ ನಿನಗೇನು ಹಕ್ಕೈತಿ? ನನಗ ಕೇಳೀಯೇನು?"

ಅವನು ಬಾಗಿಲ ಬಳಿಯೇ ಕೂತ. ಗುಡ್ಡವ್ವ ನೀಲಾಳನ್ನೂ ಕೂರಲು ಹೇಳಿದಳು. ಅವತ್ತು ತಾನು ಹೇಳಿದ್ದು ಅರ್ಧ, ಉಳಿದರ್ಧ ಕೇಳುವ ತಾಳ್ಮೆ ನಿಮಗೆ ಇರಲಿಲ್ಲ, ಚಪ್ಪಾಳೆ ತಟ್ಟಿಬಿಟ್ಟಿರಿ, ಈಗ ಕೇಳಿರಿ ಎಂದಳು.

ಅವಳು ಹೇಳಿದ್ದು ಇದು. ಊರ ಹೊರಗಿನ ಓಣಿಯಿಂದ ಶಾಲೆಗೆ ಹೋದ ಮೊದಲ ಹುಡುಗಿ ಅವಳು. ತರಗತಿಯಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಹುಡುಗಿಯರು ಮೂಗು ಹಿಡಿದುಕೊಳ್ಳುತ್ತಿದ್ದರು. ವಾಸನೆ ಹೋದರೆ ಪಕ್ಕ ಕೂತಾರು ಎಂದು ಆ ಮಗು ನಂಬಿತ್ತು. ಮೆಣಸಿನಕಾಯಿ ಬಿಡಿಸುವ ಕೂಲಿಗೆ ಹೋಗಿ ಕಾಸು ಕೂಡಿಸಿಕೊಂಡು ಊರ ಅಂಗಡಿಗೆ ಹೋದಳು. ಬಣ್ಣದ ಕಾಗದ ಸುತ್ತಿದ ಸಾಬೂನು ಬೇಕೆಂದಳು. ಅಂಗಡಿಯವನ ಬಳಿ ಸಾಬೂನಿತ್ತು, ಅವಳ ಬಳಿ ದುಡ್ಡಿತ್ತು. ಆದರೂ ಅವನು ಕೊಡಲಿಲ್ಲ. ಬಟ್ಟೆ ಒಗೆಯುವ ಸಾಬೂನಿನ ಒಂದು ತುಂಡು ಕತ್ತರಿಸಿ ಮೆಟ್ಟಿಲ ಮೇಲೆ ಎಸೆದ.

"ಏನಂದ ಗೊತ್ತೈತೇನು? 'ಬಣ್ಣದ ಸಾಬೂನ ನೀವ ಹಚ್ಚಿಕೊಂಡ್ರ, ನಾವೇನ ಹಚ್ಚಿಕೊಳ್ಳೂಣು?' ಅಂದ. ಅಲ್ಲಿದ್ದವರೆಲ್ಲ ನಕ್ಕರು. ನಾ ಸಾಲಿ ಬಿಟ್ಟೆ."

ಮದುವೆಯಾಗಿ ಹುಬ್ಬಳ್ಳಿಗೆ ಬಂದಾಗ ಇದನ್ನು ಹನುಮಪ್ಪನಿಗೆ ಮಾತ್ರ ಹೇಳಿದ್ದಳಂತೆ. ಅವನು ಮೊದಲ ಪಗಾರದ ದಿನ ದುರ್ಗದಬೈಲಿನ ಪೇಟೆಗೆ ಕರೆದೊಯ್ದು, ಅಂಗಡಿಯ ಮುಂದೆ ನಿಲ್ಲಿಸಿ, ಯಾವುದು ಬೇಕೋ ಬೆರಳು ಮಾಡಿ ತೋರಿಸು ಎಂದ. ಅಲ್ಲಿ ಅವಳನ್ನು ಯಾರೂ ನೀವು ಯಾವ ಓಣಿಯವರು ಎಂದು ಕೇಳಲಿಲ್ಲ. ತೋರಿಸಿದ್ದನ್ನು ಕೈಗೇ ಕೊಟ್ಟರು.

"ಬೂದಿ ನಮ್ಮ ಗುಟ್ಟಲ್ಲ," ಎಂದಳು ಗುಡ್ಡವ್ವ. "ನೀವ ಬ್ಯಾಡಂತ ಬಿಟ್ಟಿದ್ದು ನಮಗ ಉಳದಿತ್ತು. ಈಗ ಅದನ್ನೂ ತಗೊಂಡು, ಕಾಗದ ಸುತ್ತಿ, ಮ್ಯಾಲ ನನ್ನ ಹಲ್ಲು ಕಿತ್ತು ನಗಸ್ತೀರಿ. ನನಗ ನಗಿ ಬಂದಿಲ್ಲ."

ನೀಲಾಳೂ ಹೊಟ್ಟೆಪಾಡಿನವಳೇ. ಹಬ್ಬಕ್ಕೆಂದು ಇಷ್ಟು ಮಾಲು ತಯಾರಾಗಿದೆ, ಇದೊಂದು ಖರ್ಚಾಗುವವರೆಗೆ ಬಿಡಿ, ಲಾಭದಲ್ಲಿ ನಿಮಗೂ ಪಾಲು ಕೊಡುತ್ತೇನೆ ಎಂದಳು. ಆ ಮಾತು ಮುಗಿಯುವ ಮೊದಲೇ ಗುಡ್ಡವ್ವ ಮತ್ತೊಂದು ಸಾಬೂನು ಕೈಗೆತ್ತಿಕೊಂಡಳು. ನೀಲಾ ದೊಡ್ಡ ಅಂಗಡಿಗೆ ಫೋನು ಮಾಡಿ ಮಾಲು ವಾಪಸು ಕಳಿಸಲು ಹೇಳಿದಳು. ತಾನೂ ಬಂದು ಕೂತು ಕಾಗದ ಸುಲಿಯತೊಡಗಿದಳು. ಶಶಿಕುಮಾರ ಬಗ್ಗಿ ನೆಲದ ಮೇಲಿನ ಕಾಗದ ಆರಿಸಹೋದಾಗ ಗುಡ್ಡವ್ವ ಬೇಡವೆಂದಳು. ಅವನ್ನು ತಾನೇ ಆರಿಸಿ, ಚೀಲಕ್ಕೆ ತುಂಬಿ, ಮನೆಯ ಹಿತ್ತಲಿನಲ್ಲಿ ಸುಟ್ಟಳು.

ಆ ರಾತ್ರಿ ಮಗ ಬಂದು ಕಾಲ ಬಳಿ ಕೂತ. ತನಗೆ ಇದು ಗೊತ್ತಿರಲಿಲ್ಲ ಎಂದ. ಖರೆ ಎಂದಳು ಗುಡ್ಡವ್ವ. ದೇಶದಲ್ಲಿ ಯಾರು ಏನು ಕೊಳ್ಳುತ್ತಾರೆ, ಯಾಕೆ ಕೊಳ್ಳುತ್ತಾರೆ ಎಂದು ಹುಡುಗರಿಗೆ ಪಾಠ ಹೇಳುತ್ತೀ, ನಿನ್ನ ಅವ್ವ ಯಾಕೆ ಕೊಳ್ಳುತ್ತಾಳೆ ಎಂದು ಒಮ್ಮೆಯೂ ಕೇಳಲಿಲ್ಲ ಎಂದಳು. ಬಿಡುವ ಹಕ್ಕು ಇದ್ದವನು ಬಿಡಬಹುದು. ನೀನು ಮೈತುಂಬ ಗಂಧ ಹಚ್ಚಿಕೊಂಡು ಬೆಳೆದವನು, ಬೇಕಾದರೆ ಬೂದಿ ಬಳಿದುಕೋ, ಆದರೆ ನನ್ನ ಬಚ್ಚಲಿನಲ್ಲಿ ಅಲ್ಲ, ಕರುಣಾಳ ಒಲೆಯ ಮುಂದೂ ಅಲ್ಲ. ಹಾಗೆ ಹೇಳಿ ಮಗ್ಗುಲು ಬದಲಿಸಿದಳು. ಕ್ಷಮಿಸಿದೆ ಎನ್ನಲಿಲ್ಲ. ಬಹಳ ದಿನ ಅವನೊಂದಿಗೆ ಬೇಕಾದಷ್ಟೇ ಮಾತಾಡಿದಳು.

ಕರುಣಾ ಮರುದಿನವೇ ಶಾಲೆಯಿಂದ ಬರುವಾಗ ಹೊಸ ಮಿಕ್ಸರ್ ತಂದಳು. ಯಾರನ್ನೂ ಕೇಳಲಿಲ್ಲ. ಶಶಿಕುಮಾರ ಪೇಪರ್ ಓದುತ್ತಿದ್ದ ಹೊತ್ತಿಗೇ ಶೇಂಗಾ ಚಟ್ನಿ ಹಾಕಿ ಜೋರಾಗಿ ತಿರುಗಿಸಿದಳು. ಅವನು ಉಂಡಾದ ಮೇಲೆ ತಟ್ಟೆ ಬಚ್ಚಲಿಗೆ ಒಯ್ದು ತಾನೇ ತೊಳೆದ. ಅಂದಿನಿಂದ ತೊಳೆಯುತ್ತಿದ್ದಾನೆ.

ಬೇಸಿಗೆ ಶುರುವಾಗುವ ಹೊತ್ತಿಗೆ ಮಯೂರಿ ಒಂದು ಸುದ್ದಿ ತಂದಳು. ನೀಲಾಳ ಸಾಬೂನು ಮತ್ತೆ ಅಂಗಡಿಗೆ ಬಂದಿದೆ. ಹೆಸರು ಬೇರೆ, ಮುಖ ಬೇರೆ. ಫೋನಿನಲ್ಲಿ ಫೋಟೊ ತೆಗೆದುಕೊಂಡು ಬಂದಿದ್ದನ್ನು ಅಜ್ಜಿಗೆ ತೋರಿಸಿದಳು. ಬೇರೆ ಯಾವಳೋ ಮುದುಕಿ. ಕೊರಳಲ್ಲಿ ಬೆಳ್ಳಿಯ ಸರ, ಹಣೆಯ ಮೇಲೆ ಹಚ್ಚೆ, ಹೊಲದ ಬದುವಿನ ಮೇಲೆ ಕೂತು ನಗುತ್ತಿದ್ದಳು.

ಗುಡ್ಡವ್ವ ಆ ಮುಖವನ್ನು ಬಹಳ ಹೊತ್ತು ನೋಡಿದಳು.

"ಈಕೀನ ಕೇಳ್ಯಾರೇನು?" ಎಂದಳು.

ಗೊತ್ತಿಲ್ಲ ಆಯಿ ಎಂದಳು ಮಯೂರಿ.

ಗುಡ್ಡವ್ವ ಎದ್ದು, ನೆರಿಗೆ ಕೊಡವಿ, ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡಳು.