ತಟ್ಟೆಯ ಮೇಲಿನ ಹನ್ನೆರಡು

ಹಾಸ್ಟೆಲಿನಲ್ಲಿ ನನಗೆ ಹನ್ನೆರಡನೇ ರೂಮು ಸಿಕ್ಕಿದಾಗ ಅಮ್ಮ ದೊಡ್ಡಬಳ್ಳಾಪುರದ ಪಾತ್ರೆ ಅಂಗಡಿಯಲ್ಲಿ ಸ್ಟೀಲ್ ತಟ್ಟೆ ಕೊಂಡು, ನನ್ನ ಹೆಸರು ಹಾಕಿಸಲು ಹೊರಟಳು. "ಹೆಸರು ಬೇಡಮ್ಮ, ರೂಮ್ ನಂಬರ್ ಹಾಕ್ಸು. ಕಳೆದ್ರೂ ವಾಪಸ್ ಬರುತ್ತೆ" ಅಂದೆ.

ಆಮೇಲೆ ವಾರ್ಡನ್ ನನ್ನನ್ನು ಮೂರು ಸಲ ಬೇರೆ ಬೇರೆ ರೂಮಿಗೆ ಎತ್ತಿಹಾಕಿದರು. ಒಂದಕ್ಕೆ ಕಿಟಕಿಯೇ ಇರಲಿಲ್ಲ. ಕೊನೆಯದರ ಗೋಡೆಯಾಚೆ ಮಗ್ಗ ಓಡುತ್ತಿತ್ತು, ದಿಂಬು ಕೂಡ ನಡುಗುತ್ತಿತ್ತು. ತಟ್ಟೆ ಮಾತ್ರ ಹನ್ನೆರಡಕ್ಕೇ ಹೋಗುತ್ತಿತ್ತು. ಅಡುಗೆಯಕ್ಕ ತೊಳೆದು, ನಂಬರ್ ನೋಡಿ ಅಲ್ಲೇ ಇಟ್ಟುಬರುತ್ತಿದ್ದಳು.

ಒಂದು ದಿನ ತಟ್ಟೆ ಕೇಳಲು ಹನ್ನೆರಡಕ್ಕೆ ಹೋದೆ. ಅಲ್ಲಿಗೆ ಬಂದಿದ್ದ ಹೊಸ ಹುಡುಗಿ ಅದರಲ್ಲೇ ಮುದ್ದೆ ಮುರಿಯುತ್ತಿದ್ದಳು. "ಇದು ಈ ರೂಮಿಂದಲ್ವಾ ಅಕ್ಕಾ?" ಅಂದಳು.

ಹೌದು ಅಂದೆ. ಇನ್ನೇನನ್ನಲಿ, ಹೆಸರು ಬೇಡ ಅಂದವಳು ನಾನೇ.