ಓನರಮ್ಮನ ಶಿಳ್ಳೆ

ನಮ್ಮ ಓನರಮ್ಮನಿಗೆ ಮುಂದಿನ ಹಲ್ಲೊಂದು ಇರಲಿಲ್ಲ. ಎಲೆಅಡಿಕೆಯ ಕೆಂಪು ಹತ್ತಿದ ಎರಡು ಬೆರಳು ಬಾಯಿಗಿಟ್ಟು, ಆ ಸಂದಿಯಿಂದ ಶಿಳ್ಳೆ ಹೊಡೆದರೆ ಹೆಬ್ಬಗೋಡಿಯ ನಮ್ಮ ಗಲ್ಲಿಯ ನಾಯಿಗಳೆಲ್ಲ ಎದ್ದು ನಿಲ್ಲುತ್ತಿದ್ದವು. ಹೊಸೂರು ರಸ್ತೆಯ ಬಸ್ಸಿನ ಹಾರನ್ನೂ ಅದರ ಮುಂದೆ ಸಪ್ಪೆ. ಆದರೆ ಅವರು ಕರೆಯುತ್ತಿದ್ದದ್ದು ತಮ್ಮ ಪಾರಿವಾಳಗಳನ್ನು. ಚುಕ್ಕಿಯಷ್ಟಾಗಿ ಮೇಲೆ ಸುತ್ತುತ್ತಿದ್ದ ಅವು ದೊಡ್ಡದಾಗುತ್ತ ಇಳಿದು ಬಂದು ತಾರಸಿಯ ಗೋಡೆಯ ಮೇಲೆ ಸಾಲಾಗಿ ಕೂರುತ್ತಿದ್ದವು.

ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಬಂದ ಹೊಸದರಲ್ಲಿ ನನಗೆ ಇದನ್ನು ನೋಡಿ ದಿಗಿಲಾಗಿತ್ತು. ನಮ್ಮೂರಲ್ಲಿ ಹೆಣ್ಣುಮಕ್ಕಳು ಶಿಳ್ಳೆ ಹೊಡೆದರೆ ಬೆನ್ನ ಮೇಲೆ ಏಟು ಬೀಳುತ್ತದೆ. ಇಲ್ಲಿ ನೋಡಿದರೆ ಮೊಮ್ಮಕ್ಕಳನ್ನು ಕಂಡ ಹೆಂಗಸು ಸೆರಗು ಸೊಂಟಕ್ಕೆ ಸಿಕ್ಕಿಸಿ, ತಾರಸಿಯ ತುದಿಯಲ್ಲಿ ನಿಂತು, ಊರಿಗೇ ಕೇಳುವಂತೆ ಹೊಡೆಯುತ್ತಿದ್ದಾರೆ! ಕೆಳಗೆ ಬಾಡಿಗೆಗೆ ಕೊಟ್ಟ ಒಂಟಿ ಕೋಣೆಗಳ ಸಾಲು, ಅದರ ಮೇಲೆ ಅವರ ಮನೆ, ಎಲ್ಲಕ್ಕಿಂತ ಮೇಲೆ ಹಕ್ಕಿಗಳ ಮರದ ಗೂಡು. ಬಾಡಿಗೆಯವರೆಲ್ಲರ ಬಾಯಲ್ಲಿ ಅವರು ಓನರಮ್ಮ. ಬಾಡಿಗೆ ಕೇಳುವಾಗಲೂ ಅವರ ಕಣ್ಣು ಆಕಾಶದಲ್ಲೇ ಇರುತ್ತಿತ್ತು.

"ನಾಯಿ ಸಾಕಿದ್ರೆ ಕಟ್ಟಾಕ್ಬೇಕು, ಗಿಣಿ ಸಾಕಿದ್ರೆ ಪಂಜರ ಬೇಕು. ಇದ್ಕೆ ಬಾಗ್ಲು ತೆಗ್ದು ಬುಟ್ರೂ ನಿನ್ ಮನೇಗೇ ಬತ್ತದೆ. ಇದ್ಕಿಂತ ಇನ್ನೇನ್ ಮರ್ವಾದೆ ಬೇಕು?" ಎನ್ನುವರು. ಬೊಮ್ಮನಹಳ್ಳಿಯ ನೆಂಟರೊಬ್ಬರು ಆಸೆಪಟ್ಟರೆಂದು ಒಂದು ಕಂದು ಹಕ್ಕಿಯನ್ನು ಕೊಟ್ಟಿದ್ದರು. ಅವರು ಬಹಳ ದಿನ ಕೂಡಿಟ್ಟು, ಇನ್ನು ಒಗ್ಗಿತು ಎಂದು ಬಿಟ್ಟರಂತೆ. ಹಕ್ಕಿ ಹೋಯಿತು ಎಂದು ಫೋನಿನಲ್ಲಿ ಅವರು ಗೋಳಾಡುವಾಗ ಅದು ನಮ್ಮ ತಾರಸಿಯಲ್ಲಿ ಜೋಳ ಹೆಕ್ಕುತ್ತಿತ್ತು. "ತವರು ಬುಟ್ಟು ಇರಾಕಿಲ್ಲ ಅಂತದೆ ಮುಂಡೇದು," ಎಂದು ಓನರಮ್ಮ ಬೈದ ಧಾಟಿಯಲ್ಲಿ ಸಂತೋಷವೇ ಹೆಚ್ಚಿತ್ತು. ಎದುರಿನ ಅಪಾರ್ಟ್‌ಮೆಂಟಿನವರು ಪಾರಿವಾಳ ಗಲೀಜು ಎಂದು ಬಾಲ್ಕನಿಗಳಿಗೆಲ್ಲ ಬಲೆ ಹಾಕಿಸಿದಾಗ ಅವರಿಗೆ ನಗು ತಡೆಯಲಿಲ್ಲ. "ನಮ್ ಹಕ್ಕಿಗೆ ಎದ್ರಿ ಅವ್ರೇ ಪಂಜರದಾಗೆ ಕೂತವ್ರಲ್ಲ!"

ನನ್ನ ಮಗಳಿಗೆ ನಾಲ್ಕು ತಿಂಗಳಾದಾಗಿನ ಮಾತು. ಗಾರ್ಮೆಂಟ್ಸಿನಲ್ಲಿ ನನ್ನ ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ನಮ್ಮಂತೆ ದುಡಿಯಲು ಬಂದವರೆಲ್ಲ ಮಾಡುವುದು ಒಂದೇ: ಕೂಸನ್ನು ಊರಲ್ಲಿ ತಾಯಿಯ ಹತ್ತಿರ ಬಿಟ್ಟು ಬರುವುದು, ಹಬ್ಬಕ್ಕೊಮ್ಮೆ ಹೋಗಿ ನೋಡುವುದು. ಪಕ್ಕದ ಕೋಣೆಯವಳ ಮಗ ಹಾಗೆ ಬೆಳೆದು, ಅವಳನ್ನು ಕಂಡರೆ ಅಜ್ಜಿಯ ಹಿಂದೆ ಅಡಗುತ್ತಿದ್ದ. ಭಾನುವಾರ ರಾತ್ರಿಯ ಬಸ್ಸಿಗೆ ಟಿಕೆಟ್ ಆಗಿತ್ತು. ಅಂದು ಮಧ್ಯಾಹ್ನ ಮಗುವಿನ ಬಟ್ಟೆ ತೆಗೆಯಲು ತಾರಸಿಗೆ ಹೋದವಳು, ಗೂಡಿನೊಳಗೆ ಮೊಟ್ಟೆಯ ಮೇಲೆ ಕೂತ ಬಿಳಿ ಹಕ್ಕಿಯನ್ನು ನೋಡಿ ಅಳುತ್ತ ನಿಂತುಬಿಟ್ಟೆ. ಬೆಳಿಗ್ಗೆ ಬಟ್ಟೆ ಒಣಹಾಕುವಾಗಲೂ ಅದು ಹಾಗೇ ಕೂತಿತ್ತು.

"ಮುಂಜಾನಿಂದ ಎದ್ದೇ ಇಲ್ಲಲ್ರೀ ಇದು. ಹೆತ್ತ ಕರುಳು ನೋಡ್ರಿ. ಇದಕ್ಕಿರೋ ಭಾಗ್ಯ ನನಗಿಲ್ಲ," ಎಂದೆ.

ಜೋಳ ಎರಚುತ್ತಿದ್ದ ಓನರಮ್ಮ ನನ್ನನ್ನೇ ನೋಡಿ ಗೊಳ್ಳನೆ ನಕ್ಕರು. ನನಗೆ ಸಿಟ್ಟು ಬಂತು.

"ಅವ್ವ ಅಲ್ ಅವ್ಳೆ ನೋಡು," ಎಂದು ನೀರಿನ ಟ್ಯಾಂಕಿನತ್ತ ಕೈ ತೋರಿಸಿದರು. ಅಲ್ಲಿ ಇನ್ನೊಂದು ಬಿಳಿ ಹಕ್ಕಿ ಬಿಸಿಲಿಗೆ ರೆಕ್ಕೆ ಹರಡಿಕೊಂಡು ಆರಾಮಾಗಿ ಕೂತಿತ್ತು. "ಇದು ಅಪ್ಪ ಕಣಮ್ಮ. ರಾತ್ರಿಯೆಲ್ಲ ಅವ್ಳು ಕಾವು ಕೊಡ್ತಾಳೆ. ಬಿಸ್ಲೇರ್ತಿದ್ದಂಗೆ ಇವ್ನು ಬಂದು ಕೂತ್ಕಂತಾನೆ. ಪಾಳಿ ಕಣಮ್ಮ, ನಿಮ್ ಕಂಪ್ನೀಲಿ ಇಲ್ವಾ, ಅಂಗೆ. ನಾಳೆ ಮರಿ ಆದ್ರೆ ಗಂಟ್ಲಿಂದ ಹಾಲೂ ಕೊಡ್ತಾನೆ."

"ಗಂಡು ಹಾಲು ಕೊಡತೈತೇನ್ರೀ?"

"ಊಂ ಕಣಮ್ಮ, ಮರಿ ಬಾಯಿಗೆ ಕಕ್ಕಿ ಕುಡುಸ್ತಾನೆ," ಎಂದರು ಓನರಮ್ಮ. ತಾರಸಿಯ ತುದಿಗೆ ಹೋಗಿ ಕೆಳಗೆ ಕೂಗಿದರು: "ಏನಪ್ಪಾ, ಬಾ ಮ್ಯಾಕೆ! ಮಗೀನೂ ಎತ್ಕಂಡ್ ಬಾ!"

ನನ್ನ ಗಂಡ ಎಲೆಕ್ಟ್ರಾನಿಕ್ ಸಿಟಿಯ ಫ್ಯಾಕ್ಟರಿಯೊಂದರಲ್ಲಿ ಹಗಲು ಪಾಳಿಯಲ್ಲಿದ್ದ; ಅಂದು ಭಾನುವಾರದ ರಜೆ. ಮಗುವನ್ನು ಎತ್ತಿಕೊಂಡು ಹೆದರುತ್ತಲೇ ಬಂದ. ಓನರಮ್ಮ ಅವನನ್ನು ಗೂಡಿನ ಮುಂದೆ ಸ್ಟೂಲಿನ ಮೇಲೆ ಕೂರಿಸಿದರು. ಬಿಸಿಲು ಇಳಿಯುವ ಹೊತ್ತಿಗೆ ಟ್ಯಾಂಕಿನ ಮೇಲಿನ ಹಕ್ಕಿ ಹಾರಿ ಬಂತು, ಗೂಡಿಗೆ ನುಗ್ಗಿ ಗಂಡುಹಕ್ಕಿಯನ್ನು ಪಕ್ಕಕ್ಕೆ ತಳ್ಳಿತು. ಗಂಡು ಎದ್ದು ಮೈ ಕೊಡವಿತು. ಹೆಣ್ಣು ಮೊಟ್ಟೆಗಳನ್ನು ಕೊಕ್ಕಿನಿಂದ ಹೊಟ್ಟೆಯಡಿಗೆ ಸರಿಸಿಕೊಂಡು ಕೂತಿತು. ಇಷ್ಟೇ. ಗದ್ದಲವಿಲ್ಲ, ತಕರಾರಿಲ್ಲ.

ನನ್ನ ಗಂಡನಿಗೆ ತಮಾಷೆ ಎನ್ನಿಸಿತು. "ಇವಕ್ಕ ಸೂಪರ್‌ವೈಸರ್ ಯಾರ್ರೀ?"

"ಮೊಟ್ಟೇನೇ ಸೂಪರ್‌ವೈಸರ್ರು," ಎಂದರು ಓನರಮ್ಮ. ಆಮೇಲೆ ದನಿ ತಗ್ಗಿಸಿ, "ರಾತ್ರಿ ಪಾಳಿ ಕೇಳಪ್ಪ. ಅಗ್ಲೊತ್ತು ಕೂಸು ನೋಡ್ಕೊ. ಬೆಳಿಗ್ಗೆ ನೀನು ನಿದ್ದೆ ಮಾಡ್ವಾಗ ನನ್ ತಾವ ಇರ್ಲಿ," ಎಂದರು.

ಅವನು ಮಗುವನ್ನು ಇನ್ನೊಂದು ತೋಳಿಗೆ ಬದಲಿಸಿ, ಜೇಬಿನಿಂದ ಫೋನು ತೆಗೆದ. "ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ," ಎಂದ. ನಾನು ಓನರಮ್ಮನ ತೋಳು ಹಿಡಿದುಕೊಂಡು ಇನ್ನಷ್ಟು ಅತ್ತೆ.

ಊರಿಂದ ಅತ್ತೆಯ ಫೋನು ಬರದೆ ಇರುತ್ತದೆಯೇ? "ಗಂಡಸು ಕೂಸು ಆಡಸ್ಕೊಂತ ಕುಂತ್ರ ಮಂದಿ ಏನಂದಾರು?" ಅವರನ್ನು ಓನರಮ್ಮನೇ ಮಾತಾಡಿಸಿ ಸುಮ್ಮನಾಗಿಸಿದರು. ಏನು ಹೇಳಿದರೋ ದೇವರಿಗೇ ಗೊತ್ತು, ಅಂದಿನಿಂದ ಅತ್ತೆ ನನ್ನ ಜೊತೆಗಿಂತ ಅವರ ಜೊತೆಗೇ ಹೆಚ್ಚು ಮಾತಾಡುತ್ತಿದ್ದರು. ಓನರಮ್ಮ ಹೇಳಿದಂತೆಯೇ ವರ್ಷಗಳು ನಡೆದವು. ನಾನು ಸಂಜೆ ಬರುವುದು, ಗಂಡ ಮಗಳನ್ನು ನನ್ನ ಕೈಗೆ ಕೊಟ್ಟು ಹೊರಡುವುದು. ಬೆಳಗಿನ ಹೊತ್ತು ಮಗಳು ತಾರಸಿಯ ಮೇಲೆ, ಓನರಮ್ಮನ ಸೊಂಟದ ಮೇಲೆ. ಅವಳು ಮೊದಲು ಕಲಿತ ಮಾತು ಅವ್ವ ಅಲ್ಲ, ಅಪ್ಪ ಅಲ್ಲ, ಹಕ್ಕಿ ಕರೆಯುವ "ಬಾ ಬಾ ಬಾ".

ಆಮೇಲೆ ಶಿಳ್ಳೆಯನ್ನೂ ಕಲಿತಳು. ನಾನು ಗದರಿಸಿದರೆ ಓನರಮ್ಮ ಅಡ್ಡ ಬರುವರು: "ಒಡೀಲಿ ಬುಡಮ್ಮ. ಶಿಳ್ಳೆಗೆ ಬಾಯಿ ಇದ್ರೆ ಸಾಕು, ಮೀಸೆ ಬ್ಯಾಡ." ನಾನಂತೂ ಒಪ್ಪಲಿಲ್ಲ. ನನ್ನ ಕಣ್ಣು ತಪ್ಪಿಸಿ ಕಲಿಕೆ ನಡೆಯಿತು.

ಹೋದ ವರ್ಷ ಒಂದು ಬೆಳಿಗ್ಗೆ ಓನರಮ್ಮ ಎಂದಿನಂತೆ ಗೂಡಿನ ಬಾಗಿಲು ತೆಗೆದು ಹಕ್ಕಿ ಬಿಟ್ಟು, ಕೆಳಗಿಳಿದು ಬಂದು, ಜಗಲಿಯಲ್ಲಿ ಕೂತವರು ಕೂತಂತೆಯೇ ಹೋಗಿಬಿಟ್ಟರು. ಅಂಗಳ ತುಂಬ ಜನ. ಮಧ್ಯಾಹ್ನ ತಮಟೆ ಶುರುವಾಯಿತು. ಆ ಸದ್ದಿಗೆ ಬೆದರಿದ ಹಕ್ಕಿಗಳು ಇಳಿಯಲೊಲ್ಲವು. ಮನೆಯ ಮೇಲೇ ಸುತ್ತುತ್ತಿದ್ದವು. ಅವರ ಮಗ ತಮಟೆ ನಿಲ್ಲಿಸಿದ, ಜೋಳ ಎರಚಿದ, ಕೈ ಬೀಸಿ ಕರೆದ; ಅವನಿಗೆ ಶಿಳ್ಳೆ ಬಾರದು. ಮನೆಗೆ ಬಂದೇ ಬರುವ ಹಕ್ಕಿಗಳು ಬರಲಿಲ್ಲ. ಹೊತ್ತು ಮುಳುಗುತ್ತ ಬಂದಿತ್ತು, ಹೆಣ ಎತ್ತುವವರು ಅವಸರ ಮಾಡುತ್ತಿದ್ದರು. "ಅವ್ವ ಹೋಗೋ ಮುಂಚೆ ಅವು ಗೂಡು ಸೇರ್ಬೇಕು," ಎಂದು ಮಗ ಹಟ ಹಿಡಿದು ಕೂತ.

ನನ್ನ ಮಗಳು ನನ್ನ ಮುಖ ನೋಡಿದಳು. ಅವಳಿಗೂ ಆಗ ಮುಂದಿನ ಹಲ್ಲು ಬಿದ್ದಿತ್ತು.

"ಹೋಗವ್ವಾ, ಹೊಡಿ," ಎಂದೆ.

ಅವಳು ಮೆಟ್ಟಿಲು ಹತ್ತಿ ಓಡಿದಳು. ತಾರಸಿಯಿಂದ ಶಿಳ್ಳೆ ಬಂತು. ಗಲ್ಲಿಯ ನಾಯಿಗಳು ಎದ್ದು ನಿಂತವು. ಮೇಲೆ ಹಕ್ಕಿಗಳು ಒಂದು ಸುತ್ತು ಹೊಡೆದು, ಒಂದರ ಹಿಂದೊಂದು ಇಳಿದು ಗೋಡೆಯ ಮೇಲೆ ಸಾಲಾಗಿ ಕೂತವು. ಓನರಮ್ಮನ ಮಗ ಬಿಕ್ಕಿ ಬಿಕ್ಕಿ ಅತ್ತ.

"ಸಾವಿನ ಮನೇಲಿ ಶಿಳ್ಳೆ ಹೊಡೀತಾರಾ? ಯಾರಮ್ಮ ಆ ಹುಡ್ಗಿ?" ಎಂದು ನೆಂಟರ ಹೆಂಗಸೊಬ್ಬರು ಕೇಳಿದರು.

"ನನ್ ಮಗಳ್ರೀ," ಎಂದೆ. "ಇದ ಮನ್ಯಾಗ ಬೆಳದಾಕಿ."