ಇನ್ನೂರು ತುಳಿತ

ಅಣ್ಣನ ಮೊಣಕಾಲಿಗಾಗಿ ನಮಗೊಂದು ಸೈಕಲ್ಲು ಬೇಕಾಗಿತ್ತು. ಗಜೇಂದ್ರಗಡದ ಮನೆಯಲ್ಲಿ ನಾವಿಬ್ಬರೂ ಕುಣಿಮಗ್ಗದಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದೆವು. ಕುಣಿಯ ಥಂಡಿಗೆ ಅವನ ಎಡ ಮೊಣಕಾಲು ಬಾತುಕೊಳ್ಳುತ್ತಿತ್ತು. ಈ ಕೆಲಸ ಬಿಡದಿದ್ದರೆ ಮುಂದೆ ಕಾಲು ಮಡಚಲಿಕ್ಕೂ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಸೈಕಲ್ಲೊಂದಿದ್ದರೆ ಹಳ್ಳಿ ಹಳ್ಳಿ ತಿರುಗಿ ಸೀರೆ ಮಾರಬಹುದು ಎಂಬುದು ಅವನ ಆಸೆ. ಐವತ್ತರ ದಶಕದಲ್ಲಿ ನಮ್ಮಂಥವರು ಹೊಸ ಸೈಕಲ್ಲು ಕೊಳ್ಳುವ ಮಾತೇ ಇರಲಿಲ್ಲ. ಅಷ್ಟರಲ್ಲಿ ರೋಣದ ವ್ಯಾಪಾರಸ್ಥರು ಗಜೇಂದ್ರಗಡದಿಂದ ರೋಣದವರೆಗೆ ಸೈಕಲ್ ಶರ್ಯತ್ತು ಇಟ್ಟರು. ಮೊದಲು ಬಂದವನಿಗೆ ಹೊಸ ಸೈಕಲ್ಲು.

ಯುಕ್ತಿ ಹೂಡಿದವರು ನೂಲಿಗೆ ಬಣ್ಣ ಹಾಕುತ್ತಿದ್ದ ಚಾಚಾ. ಆಷಾಢದ ಗಾಳಿ ಎದುರಿಗೇ ಬೀಸುತ್ತದೆ, ಮುಂದಿನವನು ಅದನ್ನು ಮೈಮೇಲೆ ತೆಗೆದುಕೊಂಡರೆ ಹಿಂದಿನವನಿಗೆ ಭಾರ ಕಡಿಮೆ ಎಂದು ಅವರು ವಿವರಿಸಿದರು. ನಾನು ಮತ್ತು ಚಾಚಾ ಇನ್ನೂರು ತುಳಿತಕ್ಕೊಮ್ಮೆ ಮುಂದಿನ ಜಾಗ ಬದಲಿಸಬೇಕು. ಅಣ್ಣ ನಮ್ಮ ಮರೆಯಲ್ಲೇ ಕಾಲು ಉಳಿಸಿಕೊಂಡು ಬಂದು, ರೋಣದ ಅಗಸಿ ಬಾಗಿಲು ಕಂಡ ಮೇಲೆ ಹೊರಬೀಳಬೇಕು. ಮೊಣಕಾಲು ನೋಯುತ್ತಿದ್ದರೂ ಕೊನೆಯ ಸ್ವಲ್ಪ ದೂರದ ಓಟದಲ್ಲಿ ಅವನನ್ನು ಹಿಡಿಯುವವರು ನಮ್ಮ ಸುತ್ತಮುತ್ತ ಇರಲಿಲ್ಲ. ಎಣಿಸುವುದೂ ನಮಗೆ ಹೊಸದಲ್ಲ. ಮಗ್ಗದಲ್ಲಿ ಕೂತವನ ಕಾಲು ತುಳಿಯುತ್ತಿದ್ದರೆ ಬಾಯಿ ತಾನಾಗಿಯೇ ಎಣಿಸುತ್ತದೆ.

ನನಗೆ ಮಾತ್ರ ಒಳಗೊಳಗೇ ಉರಿ. ಚಿಕ್ಕಂದಿನಿಂದ ಎಲ್ಲದರಲ್ಲೂ ಅವನೇ ಮುಂದು. ಈಗ ನಾನು ಮುಂದೆ ಹೋಗುವುದೂ ಅವನಿಗಾಗಿಯೇ.

ಬೇಡಿ ತಂದ ಸೈಕಲ್ಲುಗಳ ಮೇಲೆ ಬೆಳಿಗ್ಗೆ ಹೊರಟೆವು. ಬೇರೆ ಊರುಗಳ ಶರ್ಯತ್ತು ಗೆದ್ದು ಬಂದಿದ್ದ ನರಗುಂದದ ತಂಡದ ನಾಲ್ವರು ನಮ್ಮ ಬೆನ್ನಿಗೆ ಅಂಟಿಕೊಂಡರು. ನಮ್ಮ ಮರೆ ಅವರಿಗೂ ಪುಕ್ಕಟೆ ಸಿಗುತ್ತಿತ್ತು. ಅವರನ್ನು ಕೊಡವಿಕೊಳ್ಳಲು ಅವಸರ ಮಾಡಬೇಡಿ ಎಂದು ಚಾಚಾ ಹೇಳಿದ್ದರಿಂದ ನಾವು ಎಣಿಕೆ ಬಿಡಲಿಲ್ಲ.

ಲಕ್ಕಲಕಟ್ಟಿ ಬಂದಾಗ ಮುಂದೆ ನಾನಿದ್ದೆ. ಅದು ನನ್ನ ಹೆಂಡತಿಯ ತವರು. ಮಾವ ರಸ್ತೆ ಪಕ್ಕದಲ್ಲೇ ನಿಂತಿದ್ದರು, ಅವರ ಹಿಂದೆ ಅರ್ಧ ಊರು. ಅಳಿಯ ಮೆತ್ತಗಿನ ಮನುಷ್ಯ ಎಂದು ಅವರು ನಾಲ್ಕು ಜನರ ಮುಂದೆ ಅಂದದ್ದನ್ನು ನಾನು ಮರೆತಿರಲಿಲ್ಲ. ಇನ್ನೂರು ಮುಗಿಯಿತು. ಹಿಂದಿನಿಂದ ಚಾಚಾ ಬದಲಿ ಕೇಳಿದರು. ಕೇಳಿಸದವನಂತೆ ಪೆಡಲ್ ಮೇಲೆ ಎದ್ದು ನಿಂತು ತುಳಿದೆ. ಮುನ್ನೂರಾಯಿತು, ನಾನೂರಾಯಿತು. ಊರು ಮುಗಿದ ಮೇಲೆ ತಿರುಗಿ ನೋಡಿದರೆ ಚಾಚಾ ನಡುವಿನ ಅಂತರ ಮುಚ್ಚಲು ಏದುಸಿರು ಬಿಡುತ್ತಿದ್ದರು. ಅವರ ಹಿಂದೆ ಅಣ್ಣ ಹಲ್ಲು ಕಚ್ಚಿಕೊಂಡು, ಒಂದು ಕೈಯಿಂದ ಎಡ ಮೊಣಕಾಲು ಅದುಮುತ್ತ ಬರುತ್ತಿದ್ದ. ನರಗುಂದದವರು ಆರಾಮಾಗಿದ್ದರು.

ಅವರು ಕಾದದ್ದು ಇದನ್ನೇ. ಒಬ್ಬ ಮುನ್ನುಗ್ಗಿದ, ಚಾಚಾ ನಮ್ಮನ್ನು ಬೆನ್ನಿಗಿಟ್ಟುಕೊಂಡೇ ಅಟ್ಟಿಸಿಕೊಂಡು ಹೋಗಿ ಹಿಡಿದರು. ಉಸಿರು ತಿರುಗುವುದರೊಳಗೆ ಇನ್ನೊಬ್ಬ ನುಗ್ಗಿದ. ಅವನನ್ನೂ ಹಿಡಿದರು. ಮೂರನೆಯವನನ್ನು ಹಿಡಿದ ಮೇಲೆ ಚಾಚಾನ ಮುಖ ಬಿಳಿಚಿಕೊಂಡಿತ್ತು. ಹಾಗೆ ನುಗ್ಗಿದ ಆ ಮೂವರೂ ಸುಸ್ತಾಗಿ ಹಿಂದೆ ಬಿದ್ದರು. ನನ್ನ ಕಡೆ ನೋಡದೆ ಚಾಚಾ ರಸ್ತೆಯ ಅಂಚಿಗೆ ಸರಿದು ನಿಂತುಬಿಟ್ಟರು. ನರಗುಂದದ ನಾಲ್ಕನೆಯವನು ಮಾತ್ರ ಇಷ್ಟು ಹೊತ್ತೂ ನಮ್ಮ ಮರೆಯಲ್ಲೇ ಬಂದಿದ್ದ. ರೋಣ ಇನ್ನು ಎರಡು ಮೈಲು ಇದ್ದಾಗ ಮುಂದೆ ಉಳಿದವರು ಅವನು, ಅಣ್ಣ ಮತ್ತು ನಾನು.

ನನ್ನ ತುಳಿತ ನಿಧಾನವಾಗಿತ್ತು. ಸೈಕಲ್ಲು ಕೈತಪ್ಪಿತು, ಕೈತಪ್ಪಿಸಿದವನು ನಾನೇ ಎಂದು ಖಾತ್ರಿಯಾಯಿತು. ಆಗ ಅಣ್ಣ ನನ್ನ ಪಕ್ಕಕ್ಕೆ ಬಂದ.

“ನನ್ನ ಹಿಂದ ಬಾ. ನನ್ನ ಕಾಲು ಕೊನೀ ಓಟಕ್ಕ ಬರಂಗಿಲ್ಲ, ಗಾಳಿ ತಡಿಯಾಕ ಬರತೈತಿ.”

ನಾನು ಅವನ ಹಿಂದೆ ಸರಿದೆ. ಅವನು ಮುಂದೆ ಹೋಗಿ ನನಗೆ ಕೇಳುವಂತೆ ಎಣಿಸತೊಡಗಿದ. ಇನ್ನೂರು ಮುಗಿದರೂ ಜಾಗ ಬಿಡಲಿಲ್ಲ, ಮತ್ತೆ ಒಂದರಿಂದ ಶುರು ಮಾಡಿದ. ಎಡಗಾಲು ಕೆಳಗೆ ಹೋದಾಗಲೆಲ್ಲ ಅವನ ದನಿ ಮುರಿಯುತ್ತಿತ್ತು. ನಿಲ್ಲಿಸು ಎಂದು ಕೂಗಬೇಕಿತ್ತು, ಕೂಗಲಿಲ್ಲ. ಅವನ ಮರೆಯಲ್ಲಿ ನನ್ನ ಕಾಲಿಗೆ ಜೀವ ಮರಳುತ್ತಿತ್ತು, ಮತ್ತು ನನಗೆ ಗೆಲ್ಲಬೇಕಾಗಿತ್ತು.

ಅಗಸಿ ಕಂಡಿತು. ಅಣ್ಣ ಎಡಕ್ಕೆ ಸರಿದ. ನಾನು ಹೊರಬಿದ್ದೆ. ನರಗುಂದದವನೂ ಹೊರಬಿದ್ದ. ಒಂದು ಗಾಲಿಯಷ್ಟು ಮುಂದಾಗಿ ನಾನು ಗೆರೆ ದಾಟಿದೆ.

ಜನ ನನಗೆ ಹಾರ ಹಾಕುವಾಗ ಅಣ್ಣನನ್ನು ಇಬ್ಬರು ಹೆಗಲು ಕೊಟ್ಟು ಕರೆತಂದರು. ಅವನು ಬಹುಮಾನದ ಸೈಕಲ್ಲಿನ ಸೀಟು ಸವರಿ ನೋಡಿ, ಚಲೋ ಐತಿ ಎಂದ. ಆ ಮೊಣಕಾಲು ಮತ್ತೆ ಮಡಚಲಿಲ್ಲ. ಗೆದ್ದ ಸೈಕಲ್ಲನ್ನು ಅವನು ಒಂದು ದಿನವೂ ತುಳಿಯಲಿಲ್ಲ.

ಮಗ್ಗ ಬಿಟ್ಟು ನಾನೇ ತುಳಿದೆ. ಕ್ಯಾರಿಯರ್ ಮೇಲೆ ಒಂದು ಕಾಲು ಚಾಚಿ, ಸೀರೆಯ ಗಂಟು ತಬ್ಬಿಕೊಂಡು ಅವನು ಕೂಡುತ್ತಿದ್ದ. ಹೊಳೆಆಲೂರು, ಜಕ್ಕಲಿ ಎಲ್ಲ ಸುತ್ತಿದೆವು. ವ್ಯಾಪಾರ ಅವನದು, ಗಾಳಿ ನನ್ನದು. ಲಕ್ಕಲಕಟ್ಟಿ ಹತ್ತಿರ ಬಂದಾಗಲೆಲ್ಲ ಹಿಂದಿನಿಂದ ನನ್ನ ಬೆನ್ನು ತಟ್ಟುತ್ತಿದ್ದ.

“ಸಾವಕಾಶ ಹೊಡಿಯೋ. ನಿಮ್ಮ ಮಾವನ ಊರು ಬಂತು.”

ಅವನು ನಗುತ್ತಲೇ ಹೇಳುತ್ತಿದ್ದ. ಹಿಂದೆ ಕೂತವನಿಗೆ ನನ್ನ ಮುಖ ಕಾಣುತ್ತಿರಲಿಲ್ಲ.